ಪೂಜೆಗೆ ಹೂತ ಬಾಂದುಕಲ್ಲು

ನಮ್ಮೂರಿಗೆ ಆಸ್ಪತ್ರೆಗಿಂತ ಮೊದಲು ಬಂದದ್ದು ಶಾಮಿಯಾನ. ಅದರ ಹಿಂದೆ ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ಮೈಕು, ಎಲ್ಲಕ್ಕೂ ಕೊನೆಗೆ ಚೆಂಡುಹೂವಿನ ಹಾರ ಸುತ್ತಿಕೊಂಡ ಜೆಸಿಬಿ. ಒಂದು ಯಂತ್ರಕ್ಕೆ ಹಾರ ಹಾಕಿ ಅದರ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುವ ಗಂಡಸರನ್ನು ಅಷ್ಟು ಹತ್ತಿರದಿಂದ ನಾನು ಅವತ್ತೇ ನೋಡಿದ್ದು. ಮೈಕು ಹಿಡಿದು ನಿಂತಿದ್ದವಳು ನಾನೇ ಆದ್ದರಿಂದ ದೂರ ನಿಂತು ನೋಡುವ ಅವಕಾಶ ಇರಲಿಲ್ಲ.

ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವಾಗ, ಡ್ರೈವರು ಮನಸ್ಸು ಮಾಡಿದರೆ ಮಾತ್ರ ಬಸ್ಸು ನಿಲ್ಲುವ ಊರು ನಮ್ಮದು. ರಸ್ತೆಯ ಪಕ್ಕದಲ್ಲಿ ನಾಲ್ಕು ಎಕರೆ ಗೋಮಾಳ. ಊರ ದನ ಮೇಯಲೆಂದು ಸರ್ಕಾರ ಬಿಟ್ಟ ಜಾಗ; ಮೇಯುವ ದನ ಕಡಿಮೆಯಾಗಿ ಜಾಲಿ ಬೆಳೆದಿತ್ತು. ಆ ಜಾಗವನ್ನು ಸರ್ಕಾರಿ ಆಸ್ಪತ್ರೆಗೆ ಕಾಯ್ದಿರಿಸಿದ್ದಾರೆ ಎಂಬ ಸುದ್ದಿ ಬಂದಾಗ ನಮ್ಮ ಕೇರಿಯಲ್ಲಿ ಯಾರೂ ಪಟಾಕಿ ಹೊಡೆಯಲಿಲ್ಲ. ಆದರೆ ಒಬ್ಬೊಬ್ಬರಾಗಿ ಹೋಗಿ ಆ ಜಾಲಿಯನ್ನು ನೋಡಿಕೊಂಡು ಬಂದರು. ನನ್ನ ಅಕ್ಕ ತನ್ನ ಮೊದಲ ಮಗುವನ್ನು ಮೈಸೂರು ಮುಟ್ಟುವ ಮುಂಚೆಯೇ ಲಗೇಜ್ ಆಟೋದಲ್ಲಿ, ಈರುಳ್ಳಿ ಚೀಲಗಳ ಪಕ್ಕದಲ್ಲಿ ಹೆತ್ತವಳು. ಮಗು ಉಳಿಯಲಿಲ್ಲ. ಅವಳೂ ಹೋಗಿ ನೋಡಿದಳು. ಒಂದು ಮೂಲೆ ತೋರಿಸಿ, "ಬಾಗ್ಲು ಇಲ್ಲೇ ಬಂದದಾ?" ಎಂದು ನನ್ನನ್ನು ಕೇಳಿದಳು. ನಾನು ಓದಿದವಳಾದ್ದರಿಂದ ನನಗೆ ಇನ್ನೂ ಕಟ್ಟದ ಆಸ್ಪತ್ರೆಯ ಬಾಗಿಲು ಕೂಡ ಗೊತ್ತಿರುತ್ತದೆ ಎಂದು ಅವಳ ನಂಬಿಕೆ.

ನಮ್ಮ ಮನೆಯಲ್ಲಿ ಡಿಗ್ರಿ ಓದಿದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೂರು ವರ್ಷ ನಂಜನಗೂಡಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಒಂದು ಪೇಪರಿನಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ಪಾಸಾದೆ. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದ್ದೇನೆ. ಈಗ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ. ಅಪ್ಪ ಊರ ತೋಟಿಯಾಗಿದ್ದವನು. ಸರ್ವೆಯವರು ಬಂದರೆ ಸರಪಳಿ ಹೊರುವುದು, ಗಡಿಯ ಕಲ್ಲುಗಳನ್ನು ತೋರಿಸುವುದು, ಅಮಲ್ದಾರರು ಬಂದರೆ ಡಂಗುರ ಹೊಡೆಯುವುದು ಅವನ ಕೆಲಸ. ಕೊನೆಗೆ ಅವರು ಬರೆದ ಮಹಜರಿಗೆ, ಅಂದರೆ ಸ್ಥಳದಲ್ಲಿ ಕಂಡದ್ದು ಇಷ್ಟು ಎಂದು ಬರೆಯುವ ಕಾಗದಕ್ಕೆ, ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತುವುದು. ಸುತ್ತಿನ ಮೂರೂರಿನ ಎಷ್ಟು ಮಹಜರುಗಳಲ್ಲಿ ಅಪ್ಪನ ಎಡಗೈ ಹೆಬ್ಬೆರಳು ಇದೆಯೋ ಅವನಿಗೇ ಗೊತ್ತಿಲ್ಲ. ಒಂದನ್ನಾದರೂ ಯಾರೂ ಅವನಿಗೆ ಓದಿ ಹೇಳಿರಲಿಲ್ಲ. "ಒತ್ಲಾ" ಅಂದರೆ ಒತ್ತಿದ, ಅಷ್ಟೆ.

ಇನ್ನು ಟ್ರಸ್ಟಿನ ವಿಷಯ. ನಮ್ಮ ಕಡೆಯ ಒಬ್ಬ ಅನುಕೂಲಸ್ಥರು ಅದರ ಅಧ್ಯಕ್ಷರು. ಅವರ ಟ್ರಸ್ಟಿಗೆ ಒಂದು ಶಾಲೆಯಿದೆ. ಅಲ್ಲಿ ಸೀಟು ಕೇಳಲು ನಮ್ಮ ಕೇರಿಯವರು ಯಾವಾಗ ಹೋದರೂ ಸೀಟು ಹೋದ ವಾರವಷ್ಟೇ ಮುಗಿದಿರುತ್ತದೆ. ಆಸ್ಪತ್ರೆಯ ಕಟ್ಟಡಕ್ಕೆ ಹಣ ಬರುವುದು ತಡವಾಗುತ್ತದೆ, ಅದಕ್ಕೂ ಮುಂಚೆ ಜಾಲಿ ಕೀಳಿಸಬೇಕು, ನೆಲ ಸಮ ಮಾಡಬೇಕು, ಬೇಲಿ ಹಾಕಬೇಕು, ಬೋರು ಕೊರೆಸಬೇಕು ಎಂದು ತಾಲ್ಲೂಕು ಕಚೇರಿಯವರು ಊರ ಸಭೆಯಲ್ಲಿ ಹೇಳಿದಾಗ ಈ ಅಧ್ಯಕ್ಷರು ಎದ್ದು ನಿಂತು, "ಅದನ್ನೆಲ್ಲಾ ನಮ್ಮ ಟ್ರಸ್ಟು ಮಾಡುತ್ತೆ. ಜನಸೇವೆ" ಅಂದರು. ಊರು ಚಪ್ಪಾಳೆ ಹೊಡೆಯಿತು. ನಮ್ಮ ಕೇರಿಯಿಂದ ಪಂಚಾಯ್ತಿಗೆ ಗೆದ್ದಿದ್ದ ಮೆಂಬರು ಎಲ್ಲರಿಗಿಂತ ಜೋರಾಗಿ ಹೊಡೆದ. ಅವನ ಕತ್ತು ಶಾಲು ಕಂಡ ಕಡೆ ಬಗ್ಗುವ ಕತ್ತು.

ಗುದ್ದಲಿ ಪೂಜೆಗೆ ನಿರೂಪಣೆ ಮಾಡಲು ನನ್ನನ್ನು ಕೇಳಿದರು. "ನಿನ್ನ ಕನ್ನಡ ಚೆನ್ನಾಗದ ಕಣವ್ವ, ರೇಡಿಯೋದವ್ರಂಗೆ" ಎಂದು ಆ ಮೆಂಬರು ಬಂದು ಹೇಳಿದ. ನಾನು ಉಬ್ಬಿದೆ. ನಮ್ಮ ಕೇರಿಯವಳು ಅವರ ವೇದಿಕೆಯಲ್ಲಿ ಮೈಕು ಹಿಡಿಯುವುದು ಸಣ್ಣ ಮಾತಲ್ಲ ಅನ್ನಿಸಿತು. ಕಂಚಿ ಸೀರೆ ಇರಲಿಲ್ಲ. ಅಕ್ಕನದನ್ನು ಉಟ್ಟುಕೊಂಡು ಹೋದೆ.

ಪುರೋಹಿತರು ಗುಂಡಿಯ ಪಕ್ಕ ಕೂತು ಎಲ್ಲ ಜೋಡಿಸಿಕೊಂಡ ಮೇಲೆ, "ಶಿಲೆ ತನ್ನಿ" ಎಂದರು. ಶಿಲೆ ಇರಲಿಲ್ಲ. ಅಧ್ಯಕ್ಷರು ಮೇಸ್ತ್ರಿಯ ಮುಖ ನೋಡಿದರು.

"ಕಲ್ ತರಿಲ್ವೇನ್ಲಾ?"

"ಇಟ್ಗೆ ಅಂದ್ರಿ ಅಂದ್ಕಂಡಿ ಸಾ."

"ಇಟ್ಗೆಗೆ ಯಾರ್ಲಾ ಪೂಜೆ ಮಾಡಾರು? ನಿಮ್ಮಪ್ಪ ಮಾಡಿದ್ನ?"

ರಾಹುಕಾಲಕ್ಕೆ ಸ್ವಲ್ಪವೇ ಹೊತ್ತಿತ್ತು. ಎಲ್ಲರೂ ಸುತ್ತ ಕಣ್ಣಾಡಿಸಿದರು. ಆಗ ಯಾರೋ ಮೂಲೆಯ ಹುಣಸೆಮರದ ಬುಡ ತೋರಿಸಿದರು. ಅಲ್ಲಿ ಒಂದು ಕಲ್ಲು, ನಾಲ್ಕೂ ಮೈ ಚೆನ್ನಾಗಿ ಹೊಡೆದದ್ದು, ನೆಲದಿಂದ ಮೊಳದಷ್ಟು ಮೇಲೆ ನಿಂತಿತ್ತು. ಗದ್ದೆಗೆ ಹೋಗುವ ಹೆಂಗಸರು ಯಾವ ದೇವರೋ ಇರಲಿ ಎಂದು ಅದಕ್ಕೆ ಆಗಾಗ ಕುಂಕುಮ ಇಡುತ್ತಿದ್ದರು.

"ಅದ್ಕಿಂತ ಕಲ್ಲು ಬೇಕಾ ಸಾ? ಆಗ್ಲೇ ಕುಂಕ್ಮನೂ ಆಗದ."

ಹಾರ ಹಾಕಿಕೊಂಡ ಜೆಸಿಬಿ ಮಾಡಿದ ಮೊದಲನೇ ಕೆಲಸ ಆ ಕಲ್ಲು ಕಿತ್ತದ್ದು. ಅಪ್ಪ ಶಾಮಿಯಾನದ ಹೊರಗೆ, ಬಿಸಿಲಿನಲ್ಲಿ ನಿಂತಿದ್ದವನು ಎರಡು ಹೆಜ್ಜೆ ಮುಂದೆ ಬಂದು ಕೈ ಮುಗಿದ.

"ಬುದ್ಧೀ, ಅದು ಬಾಂದುಕಲ್ಲು. ಮೂರೂರ ಗಡಿ ಕೂಡೋ ಕಲ್ಲು. ಅದ ಕೀಳಬಾರ್ದು."

"ಒಳ್ಳೆ ಕೆಲ್ಸಕ್ ತಾನೆ ಕಣ್ಲಾ ಕೀಳ್ತಿರಾದು" ಎಂದರು ಅಧ್ಯಕ್ಷರು. "ಆ ಕಡೆ ನಿಂತ್ಕೊ, ಫೋಟೊಗೆ ಅಡ್ಡ ಬತ್ತಿದ್ದೀಯ."

"ತೋಟಿಗೆ ಕಲ್ಲುಗಳೇ ನೆಂಟ್ರು ಕಣ್ರಪ್ಪ" ಎಂದು ಇನ್ಯಾರೋ ಅಂದರು. ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಅವರು ನಕ್ಕಾಗ ತಾನೂ ನಗುವುದು ಅವನ ಕೆಲಸದ ಒಂದು ಭಾಗವಾಗಿತ್ತು.

ಸರ್ಕಾರದ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವ ಕಲ್ಲನ್ನೇ ಕಿತ್ತು, ತೊಳೆದು, ವಿಭೂತಿ ಬಳಿದು, ಆ ಜಾಗದ ನಟ್ಟನಡುವೆ ಹೂತು, ಅದರ ಮೇಲೆ ಹಾಲು ಸುರಿದ ಈ ಬುದ್ಧಿವಂತಿಕೆಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಆದರೆ ನನ್ನ ಕೈಯಲ್ಲಿ ಮೈಕಿತ್ತು. ಅಪ್ಪನ ಮಾತನ್ನು ಇನ್ನೊಂದು ಸಲ ಮೈಕಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. "ಈಗ ಶಿಲಾಪೂಜೆ" ಎಂದೆ. ಆಮೇಲೆ ಅವರು ಕೈಗೆ ಕೊಟ್ಟಿದ್ದ ಹಾಳೆಯನ್ನು ಮೊದಲೇ ಒಮ್ಮೆಯೂ ನೋಡದೆ, ನಿಂತ ನಿಲುವಿನಲ್ಲಿ ಓದಿದೆ. ಅದರಲ್ಲಿ ಹೀಗಿತ್ತು: "ಬಹುಕಾಲದಿಂದ ಟ್ರಸ್ಟಿನ ಸ್ವಾಧೀನದಲ್ಲಿರುವ ಈ ಪವಿತ್ರ ಆವರಣದಲ್ಲಿ." ಧ್ವನಿ ಏರಿಸಿ, ಇಳಿಸಿ ಓದಿದೆ. ನನ್ನ ಮಹಾಪ್ರಾಣಗಳು ಒಂದೂ ತಪ್ಪಲಿಲ್ಲ. ಏನು ಓದುತ್ತಿದ್ದೇನೆ ಎಂಬುದು ಮಾತ್ರ ನನ್ನ ತಲೆಗೆ ಹೋಗಲಿಲ್ಲ. ಆ ಹಾಳೆಗೆ ನಾನು ಒತ್ತಿದ್ದೂ ಒಂದು ಹೆಬ್ಬೆಟ್ಟೇ ಎಂದು ತಿಳಿಯಲು ನನಗೆ ಇನ್ನೂ ಕೆಲವು ತಿಂಗಳು ಬೇಕಾದವು.

ಕೆಲಸ ಬೇಗ ನಡೆಯಿತು. ಸರ್ಕಾರದ ಕೆಲಸ ಇಷ್ಟು ಬೇಗ ನಡೆಯುವುದಿಲ್ಲ ಎಂದು ಜನ ಮೆಚ್ಚಿಕೊಂಡರು; ಅದು ಸರ್ಕಾರದ ಕೆಲಸವಲ್ಲದ್ದರಿಂದಲೇ ಬೇಗ ನಡೆಯುತ್ತಿದೆ ಎಂದು ಯಾರಿಗೂ ಹೊಳೆಯಲಿಲ್ಲ. ಜಾಲಿ ಹೋಯಿತು. ತಗ್ಗಿಗೆ ಕೆರೆಮಣ್ಣು ಬಿತ್ತು. ಬೋರು ಕೊರೆದು ಅದರ ಕಟ್ಟೆಗೆ ಟ್ರಸ್ಟಿನ ಹೆಸರಿನ ಗ್ರಾನೈಟು ಹಾಕಿದರು. ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದರು. ಒಂದು ಶೀಟಿನ ಶೆಡ್ಡು ಎದ್ದಿತು. ರಸ್ತೆ ಬದಿಗೆ ಮೊದಲು "ಸರ್ಕಾರಿ ಆಸ್ಪತ್ರೆ ನಿರ್ಮಾಣಕ್ಕೆ ಕಾಯ್ದಿರಿಸಿದ ಸ್ಥಳ" ಎಂಬ ಬೋರ್ಡಿತ್ತು. ಒಂದು ಸೋಮವಾರ ಬಸ್ಸಿನಿಂದ ನೋಡಿದಾಗ ಅದು ಇರಲಿಲ್ಲ. ಹೊಸ ಬೋರ್ಡಿನಲ್ಲಿ ಟ್ರಸ್ಟಿನ ಹೆಸರು, ಅಧ್ಯಕ್ಷರ ನಗುಮುಖ, ಕೆಳಗೆ ಕೆಂಪಕ್ಷರದಲ್ಲಿ "ಅತಿಕ್ರಮ ಪ್ರವೇಶ ನಿಷೇಧಿಸಿದೆ".

ಅಕ್ಕ ಅಂದು ಸಂಜೆ ಕೇಳಿದಳು. "ನಮ್ಮ ಆಡು ಬುಡಲ್ಲ ಅಂತವ್ರೆ. ನಮ್ಮುನ್ನ ಬುಟ್ಟರಾ?"

ಅಕ್ಕನ ಪ್ರಶ್ನೆಯಲ್ಲೇ ಎಲ್ಲ ಇತ್ತು. ಸರ್ಕಾರದ್ದಾದರೆ ಆ ಬಾಗಿಲಿಗೆ ಹೋಗಿ ಜಗಳ ಮಾಡಬಹುದು, ಡಾಕ್ಟರು ಯಾಕಿಲ್ಲ ಎಂದು ಕೂಗಬಹುದು, ಅರ್ಜಿ ಬರೆಯಬಹುದು. ಟ್ರಸ್ಟಿನದಾದರೆ ಅಲ್ಲಿಯೂ ಬೆಡ್ಡು ನಮಗೆ ಹೋದ ವಾರವಷ್ಟೇ ಮುಗಿದಿರುತ್ತದೆ. ಮಾರನೇ ದಿನ ಅರ್ಧ ದಿನ ರಜೆ ಹಾಕಿ ಆ ಸರ್ವೆ ನಂಬರಿನ ಪಹಣಿ ತೆಗೆಸಿದೆ. ಒಡೆತನದ ಕಾಲಮ್ಮಿನಲ್ಲಿ ಇನ್ನೂ "ಸರ್ಕಾರ" ಎಂದೇ ಇತ್ತು. ಸಮಾಧಾನವಾಯಿತು. ಕಾಗದದಲ್ಲಿ ಇದ್ದ ಮೇಲೆ ಮುಗಿಯಿತು ಎಂದುಕೊಳ್ಳುವಷ್ಟು ಓದಿದ ದಡ್ಡತನ ನನ್ನಲ್ಲಿ ಆಗ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಮೆಂಬರು ಮನೆಗೆ ಬಂದ. "ಶೆಡ್ ತಾವ ಮಹಜರು ಅದ. ಅಪ್ಪುನ್ನ ಕಳ್ಸವ್ವ, ಒಂದ್ ಹೆಬ್ಬೆಟ್ಟು. ತಿಂಡಿಗೆ ಕೇಸರಿಬಾತ್ ಮಾಡ್ಸವ್ರೆ."

ಅಪ್ಪ ಅಂಗಿ ಹಾಕಿಕೊಂಡ. ನಾನೂ ಹೊರಟೆ. "ನೀನ್ಯಾಕ್ ಕೂಸೇ?" ಅಂದ ಅಪ್ಪ. "ಕೇಸರಿಬಾತಿಗೆ" ಅಂದೆ.

ಶೆಡ್ಡಿನಲ್ಲಿ ಅಧ್ಯಕ್ಷರಿದ್ದರು. ಊರಿನ ಗ್ರಾಮ ಲೆಕ್ಕಿಗರು, ಅವರ ಮೇಲಿನ ರೆವಿನ್ಯೂ ಇನ್ಸ್‌ಪೆಕ್ಟರು, ಮಂಡಿನೋವಿನ ಒಬ್ಬ ಸರ್ವೆಯರು ಕೂತು ತಿನ್ನುತ್ತಿದ್ದರು. ಸ್ಥಳಕ್ಕೆ ಹೋಗಿ ಕಂಡದ್ದನ್ನು ಬರೆಯಬೇಕಾದ ಮಹಜರು ಯಾರೂ ಏನೂ ಕಾಣುವ ಮುಂಚೆಯೇ ಟೈಪಾಗಿ ಮೇಜಿನ ಮೇಲಿತ್ತು. ಅದರ ಮೇಲೆ ಗಾಳಿಗೆ ಹಾರದಿರಲಿ ಎಂದು ಚಟ್ನಿ ಬಟ್ಟಲು. ಇನ್ಸ್‌ಪೆಕ್ಟರು ಇಂಕಿನ ಪ್ಯಾಡ್ ಮುಂದೆ ತಳ್ಳಿದರು.

"ಬಾರಯ್ಯ, ಇಲ್ಲೊಂದು, ಇಲ್ಲೊಂದು."

ಅಪ್ಪ ಅಭ್ಯಾಸಬಲದಿಂದ ಎಡಗೈ ಚಾಚಿದ. ನಾನು ಹಾಳೆ ಎತ್ತಿಕೊಂಡೆ.

"ಓದಿ ಕೊಡ್ತೀನಿ ಸರ್."

"ಅದರಲ್ಲಿ ಓದೋದೇನಿದೆಯಮ್ಮ, ಎಲ್ಲಾ ಫಾರ್ಮಾಲಿಟಿ."

"ಓದೋದಿಲ್ಲ ಅಂದ್ರೆ ಬರ್ದಿದ್ದೇಕೆ ಸರ್?"

ಗಟ್ಟಿಯಾಗಿ ಓದಿದೆ. ಪಂಚರಾದ ನಾವು ಸ್ಥಳದಲ್ಲಿ ಖುದ್ದು ಹಾಜರಿದ್ದು ಕಣ್ಣಾರೆ ಕಂಡಂತೆ, ಸದರಿ ಜಮೀನು ಬಹುಕಾಲದಿಂದ ಟ್ರಸ್ಟಿನ ಅನುಭವದಲ್ಲಿದ್ದು, ಟ್ರಸ್ಟು ತನ್ನ ಸ್ವಂತ ಖರ್ಚಿನಿಂದ ಜಮೀನನ್ನು ಸಮತಟ್ಟು ಮಾಡಿಸಿ, ಬೋರ್‌ವೆಲ್ ಕೊರೆಸಿ, ಬೇಲಿ ಹಾಕಿಕೊಂಡಿರುವುದು ಕಂಡುಬಂದಿರುತ್ತದೆ. ಗಡಿ ಗುರುತಿನ ಕಲ್ಲು ಇರುವುದಿಲ್ಲ. ಸದರಿ ಜಮೀನನ್ನು ಟ್ರಸ್ಟಿಗೆ ಮಂಜೂರು ಮಾಡಲು ನಮ್ಮ ತಕರಾರು ಇರುವುದಿಲ್ಲ.

ಜನಸೇವೆಯ ಅರ್ಥ ಆಗ ನನಗೆ ತಿಳಿಯಿತು. ಉಚಿತವಾಗಿ ಜಾಲಿ ಕಿತ್ತದ್ದು, ಮಣ್ಣು ತುಂಬಿಸಿದ್ದು, ತಂತಿ ಎಳೆದದ್ದು ಆಸ್ಪತ್ರೆಯ ತಯಾರಿಯಾಗಿರಲಿಲ್ಲ, ಈ ಒಂದು ವಾಕ್ಯದ ತಯಾರಿಯಾಗಿತ್ತು.

"ಬಹುಕಾಲ ಅಂದ್ರೆ ಹೋದ ಯುಗಾದಿಯಿಂದಲಾ ಸರ್?" ಎಂದೆ.

ಅಧ್ಯಕ್ಷರು ಸಿಟ್ಟಾಗಲಿಲ್ಲ. ಅವರು ಸಿಟ್ಟಾಗುವುದಿಲ್ಲ, ಅದಕ್ಕೆ ಜನ ಇಟ್ಟಿದ್ದಾರೆ. "ನೋಡಮ್ಮ, ಆಸ್ಪತ್ರೆ ಬೇಕೋ ಬೇಡ್ವೋ? ಸರ್ಕಾರ ಕಟ್ಟೋ ಹೊತ್ತಿಗೆ ನೀನೂ ಇರಲ್ಲ, ನಾನೂ ಇರಲ್ಲ. ಜಾಗ ನಮ್ಮ ಹೆಸರಿಗಾದ್ರೆ ನಾಳೆನೇ ಪಾಯ" ಎಂದು ಹೇಳಿ ಫೋನು ತೆಗೆದರು. "ಇಷ್ಟಕ್ಕೂ ಇದನ್ನ ಮೊದಲು ಹೇಳಿದ್ದು ನೀನೇ ಅಲ್ವಾ?"

ಫೋನಿನಲ್ಲಿ ಅಕ್ಕನ ಸೀರೆ ಉಟ್ಟ ನಾನು. "ಬಹುಕಾಲದಿಂದ ಟ್ರಸ್ಟಿನ ಸ್ವಾಧೀನದಲ್ಲಿರುವ ಈ ಪವಿತ್ರ ಆವರಣದಲ್ಲಿ." ಎಷ್ಟು ಚೆನ್ನಾಗಿ ಓದುತ್ತಿದ್ದೆ. ಮೆಂಬರು ಪಕ್ಕದಿಂದ, "ರೇಡಿಯೋ" ಎಂದು ಮೆಲ್ಲಗೆ ಅಂದ. ಆ ಶೆಡ್ಡಿನಲ್ಲಿದ್ದ ಎಲ್ಲರನ್ನೂ ನಾನು ತಿರಸ್ಕಾರದಿಂದ ನೋಡಲು ಹೋಗಿದ್ದೆ. ಆ ಸಾಲಿನಲ್ಲಿ ಮೊದಲು ನಿಂತಿದ್ದವಳು ನಾನೇ.

"ಹೌದು, ಓದಿದೆ" ಎಂದೆ. "ಮೊದಲೇ ನೋಡದೆ ಓದಿದೆ. ಅದು ನನ್ನ ತಪ್ಪು. ಅದಕ್ಕೇ ಇವತ್ತು ನೋಡಿ ಓದ್ತಿದ್ದೀನಿ."

ಇನ್ಸ್‌ಪೆಕ್ಟರು ಕೈ ತೊಳೆದುಕೊಂಡು, "ಆಯ್ತು ಬಿಡಿ, ಸ್ಕೆಚ್ಚಾದ್ರೂ ಮಾಡ್ರಿ" ಎಂದು ಸರ್ವೆಯರಿಗೆ ಹೇಳಿದರು. ಸರ್ವೆಯರು ಹೊಸ ಯಂತ್ರ ತಂದಿದ್ದರು. ಆದರೆ ಅದಕ್ಕೂ ಅಳತೆ ಹಿಡಿಯಲು ಗೊತ್ತಿರುವ ಒಂದು ಕಲ್ಲು ಬೇಕು. ನಕಾಶೆ ಬಿಚ್ಚಿ ನೋಡಿದರು. ಮೂರೂರು ಕೂಡುವ ಕಡೆ ಕಲ್ಲಿನ ಗುರುತಿತ್ತು.

"ಇಲ್ಲ ಅಂತ ಬರೆದಿದೆಯಲ್ಲ, ಅಂದಾಜಿಗೆ ಹಾಕಿ" ಎಂದರು ಅಧ್ಯಕ್ಷರು.

"ಅಂದಾಜಿಗೆ ನಾನು ಸೈನ್ ಮಾಡಲ್ಲ ಸರ್. ರಿಟೈರ್ಡ್ ಆಗೋಕೆ ಹತ್ತಿರ ಬಂದಿದ್ದೀನಿ." ಆ ಮನುಷ್ಯನಿಗೆ ಸತ್ಯದ ಮೇಲೆ ಪ್ರೀತಿ ಇತ್ತೆಂದು ನಾನು ಹೇಳುವುದಿಲ್ಲ. ಪೆನ್ಷನ್ ಮೇಲೆ ಇತ್ತು. ಅವತ್ತು ಅಷ್ಟು ಸಾಕಾಯಿತು. ಅವರು ಅಪ್ಪನ ಕಡೆ ತಿರುಗಿದರು. "ನೀವು ಹಳೇ ತೋಟಿಯಲ್ವಾ? ಕಲ್ಲೆಲ್ಲಿ?"

ಅಪ್ಪ ಚಾಚಿದ್ದ ಎಡಗೈಯನ್ನು ಹಿಂದಕ್ಕೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡ.

"ಇಲ್ಲೇ ಅದ ಸಾ. ಪೂಜೆ ಮಾಡಿ ಊತವ್ರಲ್ಲ, ಅದೇಯ."

ಶೆಡ್ಡಿನಲ್ಲಿದ್ದವರೆಲ್ಲ ಒಟ್ಟಿಗೆ ಮಾತಾಡಿದರು. ಪೂಜೆಯ ಕಲ್ಲು ಎತ್ತಬಾರದು ಎಂದರು. ಎತ್ತಿದರೆ ಟ್ರಸ್ಟಿಗೆ ಒಳ್ಳೆಯದಾಗುವುದಿಲ್ಲ ಎಂದು ಪುರೋಹಿತರು ಹೇಳಿದ್ದಾರಂತೆ. ಮೇಸ್ತ್ರಿ ಗುದ್ದಲಿ ಮುಟ್ಟಲು ಒಪ್ಪಲಿಲ್ಲ. ಸುಳ್ಳು ಮಹಜರು ಟೈಪು ಮಾಡಿಸುವಾಗ ಯಾವ ದೇವರಿಗೂ ಹೆದರದವರು ಒಂದು ಸರ್ವೆ ಕಲ್ಲು ಅಗೆಯಲು ಬೆವರಿದರು.

"ಎತ್ತಿದ್ರೂ ಏನ್ ಪ್ರಯೋಜನ? ಅದು ಮೊದ್ಲು ಎಲ್ಲಿತ್ತು ಅಂತ ಏನು ಗ್ಯಾರಂಟಿ?" ಎಂದರು ಇನ್ಸ್‌ಪೆಕ್ಟರು.

"ಆ ಕಲ್ಲ ಅಗೀಬ್ಯಾಡಿ ಸಾ" ಎಂದ ಅಪ್ಪ. "ಉಣಸೆಮರದ್ ತಾವ ಅಗೀರಿ. ಆ ಕಲ್ಲು ಒಂದ್ಸಲ ವಾಲ್ಕಂಡಿತ್ತು. ಸರಿಯಾಗಿ ನಿಲ್ಸಿದ್ದು ನಾನು, ನಮ್ಮಪ್ಪ. ಕಲ್ಲಿನಡಿಗೆ ಒಂದ್ ಮಕ್ಕರಿ ಇದ್ಲು ಸುರ್ದಿದ್ದೊ. ಕಲ್ಲಾದ್ರೆ ಕಿತ್ಕಂಡೋಯ್ತರೆ ಕಣ್ಲಾ, ಇದ್ಲ ಯಾರೂ ಕದಿಯಲ್ಲ ಅಂತಿದ್ದ ನಮ್ಮಪ್ಪ."

ಇದ್ದಿಲು ಕೊಳೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಗಡಿಯ ಕಲ್ಲು ನಿಲ್ಲಿಸುವಾಗ ಅದರ ಅಡಿಗೆ ಇದ್ದಿಲು ಹಾಕುವುದು ನಮ್ಮ ಮನೆಯವರ ಕೈಗೆ ಬಂದ ಕೆಲಸ ಎಂದು ನನಗೇ ಗೊತ್ತಿರಲಿಲ್ಲ. ಮನೆಯಲ್ಲಿ ಓದಿದ ಮೊದಲನೆಯವಳು ನಾನು ಎಂದು ಊರೆಲ್ಲ ಹೇಳಿಕೊಂಡು ತಿರುಗುವಾಗ ಅಪ್ಪನಿಗೆ ಏನು ಗೊತ್ತಿದೆ ಎಂದು ಒಂದು ಸಲವೂ ಕೇಳಿರಲಿಲ್ಲ.

ಯಾರೂ ಗುದ್ದಲಿ ಹಿಡಿಯಲಿಲ್ಲ. ಅಪ್ಪನೇ ಹಿಡಿದ. ಹುಣಸೆಮರದ ಬುಡದಲ್ಲಿ, ಕೆರೆಮಣ್ಣು ತುಂಬಿದ್ದ ಜಾಗದಲ್ಲಿ, ಮರಕ್ಕೆ ಬೆನ್ನು ಕೊಟ್ಟು ನಿಂತು ನಾಲ್ಕು ಹೆಜ್ಜೆ ಹಾಕಿ ಅಗೆದ. ಮೊದಲು ಹೊಸ ಮಣ್ಣು, ಆಮೇಲೆ ಹಳೇ ಕೆಂಪು ಮಣ್ಣು, ಆಮೇಲೆ ಕಪ್ಪು. ಸರ್ವೆಯರು ಮಂಡಿ ನೋವನ್ನೂ ಮರೆತು ಬಗ್ಗಿ ಒಂದು ತುಂಡು ಎತ್ತಿ ಬೆರಳಿಗೆ ಉಜ್ಜಿ ನೋಡಿದರು. ಅಲ್ಲಿಂದ ಅಳತೆ ಹಿಡಿದರು. ಸಂಜೆಯ ಹೊತ್ತಿಗೆ ಸ್ಕೆಚ್ಚು ಆಯಿತು. ಬೇಲಿ, ಬೋರು, ಶೆಡ್ಡು, ನಗುಮುಖದ ಬೋರ್ಡು ಎಲ್ಲವೂ ಸರ್ಕಾರದ ಸರ್ವೆ ನಂಬರಿನ ಒಳಗೇ ಇದ್ದವು. ಕಲ್ಲೇ ಇಲ್ಲ ಎಂದಿದ್ದ ಹಳೇ ಮಹಜರು ಈ ಸ್ಕೆಚ್ಚಿಗೆ ತಾಳೆಯಾಗಲಿಲ್ಲ, ಅದಕ್ಕೆ ಸಾಕ್ಷಿಯೂ ಸಿಗಲಿಲ್ಲ. ಹೊಸದನ್ನು ಅಪ್ಪ ಹೇಳಿದ, ಗ್ರಾಮ ಲೆಕ್ಕಿಗರು ಮುಖ ಹುಳ್ಳಗೆ ಮಾಡಿಕೊಂಡು ಬರೆದರು, ನಾನು ಎರಡು ಸಲ ಓದಿ ಹೇಳಿದೆ. ಅದರಲ್ಲಿ ಬೇಲಿ ಹೋದ ಯುಗಾದಿ ಕಳೆದ ಮೇಲಿನದು ಎಂದೂ, ಕಲ್ಲು ಕಿತ್ತವರು ಯಾರು ಎಂದೂ ಇತ್ತು. ಆಮೇಲೆ ಅಪ್ಪ ಒತ್ತಿದ. ಇದ್ದಿಲು ಹಿಡಿದ ಬೆರಳಿಗೆ ಇಂಕಿನ ಪ್ಯಾಡು ಬೇಕೇ ಇರಲಿಲ್ಲ, ಆದರೂ ನಿಯಮ ನಿಯಮವೇ.

ಇದರಿಂದ ಯಾರಿಗಾದರೂ ನಾಚಿಕೆಯಾಯಿತು ಎಂದು ಓದುವವರು ಅಂದುಕೊಳ್ಳಬಾರದು. ಟ್ರಸ್ಟಿನ ಅರ್ಜಿ ವಾಪಸಾಯಿತು. ತಂತಿ ಬಿಚ್ಚಿದರು. ಮಣ್ಣು ಪರೀಕ್ಷೆಯವರು ಬಂದು ಮೂರು ಕಡೆ ತೂತು ಕೊರೆದು ಹೋದರು. ಸ್ವಲ್ಪ ದಿನಕ್ಕೆ ಅದೇ ಜಾಗದಲ್ಲಿ ಸರ್ಕಾರದ ಲೆಕ್ಕದಲ್ಲಿ ಇನ್ನೊಂದು ಗುದ್ದಲಿ ಪೂಜೆ, ಅದೇ ಶಾಮಿಯಾನ, ಅದೇ ಕುರ್ಚಿಗಳು. ವೇದಿಕೆಯ ಮೇಲೆ ನಡುವಿನ ಕುರ್ಚಿಯಲ್ಲಿ ಅದೇ ಅಧ್ಯಕ್ಷರು. ಬೋರು ಕೊರೆಸಿದ ದಾನಿಗಳಂತೆ. ಮೆಂಬರು ಅವರಿಗೆ ಶಾಲು ಹೊದಿಸಲು ಓಡಾಡುತ್ತಿದ್ದ. ಕವಲಂದೆಯಿಂದ ಬಂದಿದ್ದ ನಮ್ಮ ನೆಂಟರು, "ಯಾರವ್ವ ಆ ದೊಡ್ಡ ಮನುಷ್ಯ?" ಎಂದು ಕೇಳಿದರು.

ನಿರೂಪಣೆಗೆ ಮತ್ತೆ ನನ್ನನ್ನೇ ಕರೆದಿದ್ದರು. ಮುಖದಲ್ಲಿ ಒಂದು ಗೆರೆಯೂ ಬದಲಾಗದೆ ಹಾಳೆ ತಂದುಕೊಟ್ಟರು. ಕೂತು ಪೂರ್ತಿ ಓದಿದೆ. "ಈ ಭೂಮಿಯನ್ನು ಜನತೆಗೆ ಬಿಟ್ಟುಕೊಟ್ಟ ಮಹನೀಯರು" ಎಂಬ ಸಾಲು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಸರ್ವೆ ನಂಬರು ಬರೆದುಕೊಂಡು, ಇದು ಸರ್ಕಾರದ ಜಾಗ, ಊರಿನ ಜಾಗ ಎಂದು ಮೈಕಿನಲ್ಲಿ ಎರಡು ಸಲ ಹೇಳಿದೆ. ಅಕ್ಕ ಹೆಂಗಸರ ಸಾಲಿನಿಂದ ತಲೆಯಾಡಿಸಿದಳು.

ಈ ಸಲ ಪೂಜೆಗೆ ತಿ. ನರಸೀಪುರದಿಂದ ಹೊಸ ಕಲ್ಲು ಬಂದಿತ್ತು. ಹಳೆಯದನ್ನು ಸರ್ವೆಯವರು ಎತ್ತಿ ಹುಣಸೆಮರದ ಬುಡದಲ್ಲಿ ಮತ್ತೆ ನಿಲ್ಲಿಸಿದ್ದರು. ಅಪ್ಪ ಅದರ ಮೇಲೆ ಟವೆಲ್ಲು ಹಾಸಿಕೊಂಡು ಕೂತಿದ್ದ. ಅಧ್ಯಕ್ಷರು ಕಾರಿನಿಂದಿಳಿದು ಆ ದಾರಿಯಲ್ಲೇ ಬಂದರು. ನನಗೆ ಬುದ್ಧಿ ಬಂದಾಗಿನಿಂದ ಅವರ ಕಾರಿನ ಸದ್ದಿಗೇ ಎದ್ದು ನಿಲ್ಲುತ್ತಿದ್ದ ಮನುಷ್ಯ ಅವತ್ತು ಏಳಲಿಲ್ಲ. ಮೆಂಬರು ಓಡಿ ಬಂದು, "ಏಳಣ್ಣೋ, ಯಜಮಾನ್ರು ಬತ್ತಾವ್ರೆ" ಎಂದ.

ಅಪ್ಪ ಕೂತಲ್ಲಿಂದಲೇ ಕೈ ಮುಗಿದ.

"ಏಳಕಾಗಲ್ಲ ಬುದ್ಧಿ" ಎಂದ. "ಎದ್ರೆ ಮತ್ತೆ ಕಿತ್ಕತ್ತೀರಿ."